ಗ್ರಾಫಿಕ್ಸ್ ಎಂದರೆ ಕಂಪ್ಯೂಟರ್ ಅಲ್ಲ: ವಿಭಾಗ ಆಯ್ಕೆಯ ಒಂದು ಪ್ರಕರಣ

ಅರ್ಜಿಯ ಹಾಳೆಯಲ್ಲಿ ಐದು ಚೌಕಗಳಿದ್ದವು: ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ, ಕಲಾ ಇತಿಹಾಸ. ಇಲ್ಲಿ ಗ್ರಾಫಿಕ್ಸ್ ಎಂದರೆ ತಗಡು, ಮರ, ಕಲ್ಲುಗಳಿಂದ ಕೈಯಾರೆ ಚಿತ್ರ ಮುದ್ರಿಸುವ ಕಲೆ. ದೃಶ್ಯಕಲಾ ಪದವಿಯ ಮೊದಲ ವರ್ಷವನ್ನು ನಾವೆಲ್ಲ ಫೌಂಡೇಶನ್ ಎನ್ನುತ್ತೇವೆ. ಅದನ್ನು ಮುಗಿಸಿದ ವಿದ್ಯಾರ್ಥಿ ಈ ಐದರಲ್ಲಿ ಒಂದಕ್ಕೆ ಗುರುತು ಹಾಕಿ, ಕೆಳಗೆ ತಂದೆಯ ಅಥವಾ ತಾಯಿಯ ಸಹಿ ಮಾಡಿಸಿಕೊಂಡು ಬರಬೇಕು. ಉಳಿದ ಮೂರು ವರ್ಷ ಯಾವ ಕೋಣೆಯಲ್ಲಿ ಕೂರಬೇಕು, ಯಾರ ಕೈಕೆಳಗೆ ಕಲಿಯಬೇಕು, ಬಟ್ಟೆಗೆ ಯಾವ ಕಲೆ ಅಂಟಿಸಿಕೊಂಡು ಮನೆಗೆ ಹೋಗಬೇಕು ಎಂಬುದೆಲ್ಲ ಆ ಒಂದು ಗುರುತಿನಿಂದ ತೀರ್ಮಾನವಾಗುತ್ತದೆ. ಹದಿನೆಂಟು ಹತ್ತೊಂಬತ್ತರ ವಯಸ್ಸಿನ ಮಕ್ಕಳಿಗೆ ಇದನ್ನು ಯೋಚಿಸಲು ನಾವು ಕೊಡುತ್ತಿದ್ದ ಸಮಯ ಮೂರು ವಾರ. ಅದರಲ್ಲಿ ಹೆಚ್ಚಿನ ದಿನಗಳು ಪರೀಕ್ಷೆಯ ದಣಿವಿನಲ್ಲೇ ಕಳೆದುಹೋಗುತ್ತವೆ.

ಇಂಥದೊಂದು ವಿಭಾಗದಲ್ಲಿ ನಾನು ಫೌಂಡೇಶನ್ ತರಗತಿಗೆ ರೇಖಾಚಿತ್ರವನ್ನೂ ಕಲಾ ಇತಿಹಾಸವನ್ನೂ ಕಲಿಸುತ್ತೇನೆ. ಇಲ್ಲಿ ಬರೆಯುತ್ತಿರುವುದು ಒಬ್ಬ ವಿದ್ಯಾರ್ಥಿನಿಯ ಆಯ್ಕೆಯ ಪ್ರಕರಣ. ಅವಳ ಮತ್ತು ಅವಳ ತಂದೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ವಿಶ್ವವಿದ್ಯಾಲಯದ ಹೆಸರನ್ನು ನಾನೇ ಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ನನ್ನಿಂದ ಎರಡು ತಪ್ಪುಗಳಾದವು. ಅವುಗಳನ್ನು ಮುಚ್ಚಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲ.

ಗದಗದಿಂದ ಬಂದವಳು

ಗದಗ-ಬೆಟಗೇರಿ ಕೈಮಗ್ಗಕ್ಕೆ ಹೆಸರಾದಂತೆ ಮುದ್ರಣಕ್ಕೂ ಹೆಸರಾದ ಅವಳಿ ಊರು. ಅವಳ ತಂದೆ ಹದಿನಾರನೆಯ ವಯಸ್ಸಿನಲ್ಲಿ ಅಲ್ಲಿಯ ಒಂದು ಪ್ರೆಸ್ಸಿಗೆ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುವ ಕೆಲಸಕ್ಕೆ ಸೇರಿದವರು. ಒಂದು ಅಕ್ಷರಕ್ಕೆ ಒಂದು ಮೊಳೆ ಎಂಬ ಲೆಕ್ಕ ಕನ್ನಡದಲ್ಲಿ ನಡೆಯುವುದಿಲ್ಲ. ಕಾಗುಣಿತಕ್ಕೆ, ಒತ್ತಿಗೆ, ದೀರ್ಘಕ್ಕೆ ಬೇರೆ ಬೇರೆ ಮೊಳೆಗಳಿರುತ್ತವೆ. ಅವುಗಳನ್ನೆಲ್ಲ ಇಡುವ ಖಾನೆಗಳ ಲೆಕ್ಕ ಕೈಗೆ ಬರಲಿಕ್ಕೇ ತಿಂಗಳುಗಳು ಬೇಕು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ನಾಟಕ ಕಂಪನಿಯ ಭಿತ್ತಿಪತ್ರ ಎಂದು ಹನ್ನೆರಡು ವರ್ಷ ಅವರು ಉಲ್ಟಾ ಅಕ್ಷರಗಳನ್ನೇ ಓದುತ್ತಾ ಬದುಕಿದರು. ಆಮೇಲೆ ಆಫ್‌ಸೆಟ್ ಯಂತ್ರವೂ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿಯೂ ಬಂದವು. ಮೊಳೆ ಜೋಡಿಸುವವರ ಅಗತ್ಯವೇ ಇಲ್ಲವಾಯಿತು. ಅವರು ಬೈಂಡಿಂಗ್ ಕೆಲಸ ಹಿಡಿದರು. ಇಂದಿಗೂ ಅದೇ ಕೆಲಸದಲ್ಲಿದ್ದಾರೆ.

ಮಗಳು ಹೈಸ್ಕೂಲಿನಲ್ಲಿರುವಾಗಲೇ ಲೋವರ್, ಹೈಯರ್ ಎರಡೂ ಚಿತ್ರಕಲಾ ಪರೀಕ್ಷೆಗಳನ್ನು ಪಾಸು ಮಾಡಿದ್ದಳು. ಆ ಸೀಮೆಯಲ್ಲಿ ಚಿತ್ರ ಕಲಿಯುವುದು ವಿಚಿತ್ರವೆನಿಸುವ ಸಂಗತಿಯಲ್ಲ. ಗದಗದಲ್ಲೇ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರವಿದೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಹೆಸರಿನ ಕಲಾಶಾಲೆಯಿದೆ. ಕಲಿತು ಡ್ರಾಯಿಂಗ್ ಮಾಸ್ತರರಾದವರು ಓಣಿಗೊಬ್ಬರಾದರೂ ಸಿಗುತ್ತಾರೆ, ಅವರಿಗೆ ಗೌರವವೂ ಇದೆ. ಪಿಯುಸಿ ಮುಗಿದ ಮೇಲೆ ಅವಳನ್ನು ನಮ್ಮಲ್ಲಿಗೆ ಕಳಿಸುವಾಗ ತಂದೆಯ ಮನಸ್ಸಿನಲ್ಲಿದ್ದದ್ದು ಎರಡೇ: ಒಂದೋ ಶಾಲೆಯ ಶಿಕ್ಷಕಿ, ಇಲ್ಲವೇ ಬೆಂಗಳೂರಿನ ಯಾವುದಾದರೂ ಕಂಪನಿಯಲ್ಲಿ ಕಂಪ್ಯೂಟರಿನ ಮೇಲೆ ವಿನ್ಯಾಸ ಮಾಡುವ ಕೆಲಸ.

ನಾನು ಕೊಟ್ಟ ಮೊದಲ ಸಲಹೆ

ಅವಳು ಅರ್ಜಿ ಹಿಡಿದು ಬಂದಾಗ ನಾನು ಮೆಟ್ಟಿಲಿನ ಮೇಲೆ ನಿಂತಿದ್ದೆ. ಮನುಷ್ಯರ ಮುಖದ ಅಧ್ಯಯನದಲ್ಲಿ ತರಗತಿಗೇ ಹೆಚ್ಚು ಅಂಕ ಅವಳದು, ಜಲವರ್ಣವೂ ಶುಚಿ. "ಚಿತ್ರಕಲೆ ತೆಗೆದುಕೋ, ಕೈ ಚೆನ್ನಾಗಿದೆ" ಎಂದೆ. ಎರಡು ನಿಮಿಷವೂ ಆಗಿರಲಿಲ್ಲ. "ಆಗಲಿ ಮೇಡಂ" ಎಂದು ಹೋದಳು. ಇದು ನನ್ನ ಮೊದಲ ತಪ್ಪು.

ನಮ್ಮ ಕಲಾ ವಿಭಾಗಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಶ್ರೇಣಿ ಇದೆ. ಹೆಚ್ಚು ಅಂಕದವರು ಚಿತ್ರಕಲೆಗೆ, ಬೇಗ ಸಂಬಳ ಬೇಕಾದವರು ಅನ್ವಯಿಕ ಕಲೆಗೆ, ಮೈಕಟ್ಟು ಇರುವ ಹುಡುಗರು ಶಿಲ್ಪಕಲೆಗೆ, ಉಳಿದವರು ಗ್ರಾಫಿಕ್ಸಿಗೆ. ಹುಡುಗಿ ಶಿಲ್ಪಕಲೆ ಕೇಳಿದರೆ "ಭಾರ ಎತ್ತಬೇಕಾಗುತ್ತದೆ, ನೋಡು" ಎನ್ನುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಇದನ್ನೆಲ್ಲ ಸಭೆಗಳಲ್ಲಿ ವಿರೋಧಿಸುವ ನಾನೇ ಮೆಟ್ಟಿಲಿನ ಮೇಲೆ ನಿಂತು ಅದೇ ಶ್ರೇಣಿಯ ಪ್ರಕಾರ ತೀರ್ಪು ಕೊಟ್ಟಿದ್ದೆ. ಫೌಂಡೇಶನ್ ವರ್ಷದ ಅಂಕಗಳು ಹೇಳಿದ್ದನ್ನು ಹೇಳಿದಂತೆ ಮಾಡುವ ಶಕ್ತಿಯನ್ನು ಅಳೆಯುತ್ತವೆ. ಯಾರೂ ಹೇಳದಿದ್ದಾಗ ಆ ಮಗು ಏನು ಮಾಡುತ್ತದೆ ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಎರಡು ದಿನ ಬಿಟ್ಟು ಅವಳು ಮತ್ತೆ ಬಂದು ಕೇಳಿದಳು: "ಮೇಡಂ, ನೀವು ತರಗತಿಯಲ್ಲಿ ತೋರಿಸಿದ ಆ ಮೂರು ಶಿಲುಬೆಯ ಚಿತ್ರದಲ್ಲಿ ಮೊದಲು ಇದ್ದ ಜನ ಆಮೇಲೆ ಎಲ್ಲಿ ಹೋದರು?"

ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ ಶಿಲುಬೆಯ ದೃಶ್ಯದ ಬಗ್ಗೆ ಅವಳು ಕೇಳುತ್ತಿದ್ದಳು. ಒಂದೇ ತಾಮ್ರದ ತಗಡನ್ನು ಅವನು ಮತ್ತೆ ಮತ್ತೆ ತಿದ್ದಿದ. ಮೊದಲ ಮುದ್ರಣಗಳಲ್ಲಿ ಸ್ಪಷ್ಟವಾಗಿ ಕಾಣುವ ಜನರ ಗುಂಪು ಕೊನೆಯ ಹಂತಗಳಲ್ಲಿ ಕತ್ತಲಲ್ಲಿ ಮುಳುಗಿಹೋಗುತ್ತದೆ. ತಗಡಿನಿಂದ ಅವರನ್ನು ಕೆರೆದು ತೆಗೆದಾಗಿತ್ತು, ಅವರು ಉಳಿದಿರುವುದು ಅದಕ್ಕೆ ಮುಂಚೆ ಒತ್ತಿದ ಕಾಗದಗಳ ಮೇಲೆ ಮಾತ್ರ. ತಿಂಗಳುಗಳ ಹಿಂದೆ ಕತ್ತಲೆಯ ಕೋಣೆಯಲ್ಲಿ ಹತ್ತು ನಿಮಿಷ ತೋರಿಸಿದ್ದ ಚಿತ್ರ ಅದು. ಉಳಿದವರು ಪರೀಕ್ಷೆಗೆ ಹೆಸರನ್ನೂ ಇಸವಿಯನ್ನೂ ಬರೆದುಕೊಂಡಿದ್ದರು. ಇವಳಿಗೆ ಆ ಜನ ಕಾಡುತ್ತಿದ್ದರು.

"ನಿನ್ನ ವರ್ಷದ ಕೆಲಸವನ್ನೆಲ್ಲ ನಾಳೆ ತೆಗೆದುಕೊಂಡು ಬಾ" ಎಂದೆ.

ಮರುದಿನ ಎಲ್ಲವನ್ನೂ ನೆಲದ ಮೇಲೆ ಹರಡಿದೆವು. ಜಲವರ್ಣಗಳು ಒಂದರಂತೆ ಒಂದು, ತಪ್ಪಿಲ್ಲದವು. ಜೇಡಿಮಣ್ಣಿನ ಕೆಲಸದ ಫೋಟೋಗಳು ಸಾಧಾರಣ. ಆಮೇಲೆ ಒಂದು ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಲಿನೋ ಎಂಬ ಮೆದು ಹಾಸನ್ನು ಕೆತ್ತಿ ಮಸಿ ಹಚ್ಚಿ ಒತ್ತಿದ ಮುದ್ರಣಗಳು. ಒಂದು ಲಿನೋ ತುಂಡು ಕೆತ್ತಿ ಮೂರು ಪ್ರತಿ ಒತ್ತಿ ಕೊಡಬೇಕು ಎಂಬುದು ಪಾಠದಲ್ಲಿದ್ದ ಕೆಲಸ. ಇವಳು ಹನ್ನೊಂದು ಒತ್ತಿದ್ದಳು. ಚಿತ್ರ ಬೈಂಡಿಂಗ್ ಅಂಗಡಿಯ ಕಿಟಕಿ. ಅದರ ಮುಂದೆ ಕಾಗದದ ಕಟ್ಟು, ಕತ್ತರಿಸುವ ಯಂತ್ರದ ಹಿಡಿ. ಪ್ರತಿ ಎರಡು ಮೂರು ಒತ್ತಿಗೆ ಲಿನೋವನ್ನು ಇನ್ನಷ್ಟು ಕೆತ್ತಿದ್ದರಿಂದ ಬೆಳಕು ಹಾಳೆಯಿಂದ ಹಾಳೆಗೆ ಹೆಚ್ಚುತ್ತಾ ಹೋಗಿ, ಹನ್ನೊಂದನೆಯದರಲ್ಲಿ ಕಿಟಕಿಯ ಸರಳುಗಳು ಮಾತ್ರ ಉಳಿದಿದ್ದವು. ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲ್ಲಿನ ಟಿಪ್ಪಣಿಗಳು: "ಮಸಿ ಹೆಚ್ಚಾಯಿತು", "ಎಡ ಮೂಲೆ ಒತ್ತಿಲ್ಲ", "ಇಲ್ಲಿಗೆ ನಿಲ್ಲಿಸಬೇಕಿತ್ತು".

ಇವುಗಳಲ್ಲಿ ಮೂರಕ್ಕೆ ಮಾತ್ರ ನಾವು ಅಂಕ ಕೊಟ್ಟಿದ್ದೆವು. ಉಳಿದ ಎಂಟನ್ನು ಯಾರೂ ನೋಡಿರಲಿಲ್ಲ.

ಹದಿನೈದು ದಿನ

ಹಾಗೆಂದು ಅಲ್ಲಿಯೇ "ಸರಿ, ಗ್ರಾಫಿಕ್ಸ್" ಎಂದು ಬಿಟ್ಟಿದ್ದರೆ ಅದೂ ಮೆಟ್ಟಿಲಿನ ತೀರ್ಪೇ ಆಗುತ್ತಿತ್ತು. ಅರ್ಜಿ ಕೊಡಲು ಇನ್ನೂ ಹದಿನೈದು ದಿನಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಸಹೋದ್ಯೋಗಿಗಳನ್ನು ಕೇಳಿಕೊಂಡು ಒಂದು ಏರ್ಪಾಡು ಮಾಡಿದೆ: ಪ್ರತಿ ವಿಭಾಗದಲ್ಲಿ ಮೂರು ದಿನ. ಚಿತ್ರ ಬಿಡಿಸಿ ತೋರಿಸಬೇಕಿಲ್ಲ. ಆ ವಿಭಾಗದಲ್ಲಿ ಪ್ರತಿದಿನ ಮಾಡಲೇಬೇಕಾದ, ಯಾರೂ ಹೊಗಳದ ಕೆಲಸವನ್ನು ಮಾಡಬೇಕು. ಚಿತ್ರಕಲೆಯಲ್ಲಿ ಕ್ಯಾನ್ವಾಸ್ ಬಿಗಿದು ಬಳಿಯುವುದು, ಶಿಲ್ಪದಲ್ಲಿ ಮಣ್ಣು ಹದ ಮಾಡಿ ಕಂಬಿ ಕಟ್ಟುವುದು, ಗ್ರಾಫಿಕ್ಸಿನಲ್ಲಿ ಕಲ್ಲು ಉಜ್ಜುವುದು. ಚಿತ್ರದ ಮೇಲಿನ ಪ್ರೀತಿಯನ್ನು ಎಲ್ಲ ಮಕ್ಕಳೂ ಹೊತ್ತುಕೊಂಡೇ ಬಂದಿರುತ್ತಾರೆ. ಮೂರು ವರ್ಷ ಕಾಲ ಅವರನ್ನು ಹಿಡಿದಿಡುವುದು ಯಾವುದೋ ಒಂದು ವಸ್ತುವಿನ ಜೊತೆಗಿನ ಒಗ್ಗಿಕೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಲಾ ಇತಿಹಾಸದ ಮೂರು ದಿನ ಗ್ರಂಥಾಲಯದಲ್ಲಿ ಕಳೆದವು. ಅವಳು ಕನ್ನಡ ಮಾಧ್ಯಮದವಳು. ಕಪಾಟಿನಲ್ಲಿದ್ದ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನವು. ಒಳ್ಳೆಯ ಪ್ರಶ್ನೆ ಕೇಳಬಲ್ಲ ಹುಡುಗಿ ಭಾಷೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಆಸಕ್ತಿ ಇರಲಿಲ್ಲವೆಂದು ನಾನು ಬರೆದುಕೊಳ್ಳಲಾರೆ. ಅದು ನಮ್ಮ ಕೊರತೆ.

ಚಿತ್ರಕಲೆಯಲ್ಲಿ ಕ್ಯಾನ್ವಾಸನ್ನು ಅಚ್ಚುಕಟ್ಟಾಗಿ ಬಿಗಿದಳು, ಬಳಿದಳು, ಒಣಗಿಸಿದಳು. ಆಮೇಲೆ ಅದರ ಮುಂದೆ ಕುಳಿತು ನನ್ನನ್ನು ನೋಡಿದಳು. ಶಿಲ್ಪದಲ್ಲಿ ಮೈಕೈ ನೋವಾದರೂ ದೂರಲಿಲ್ಲ. ಪ್ಲಾಸ್ಟರಿನ ಅಚ್ಚು ಬಿಡಿಸುವ ದಿನ ಮಾತ್ರ ಬೆಳಿಗ್ಗೆಯೇ ಬಂದು ಕಾದಿದ್ದಳು. ಮೂರ್ತಿಯನ್ನು ಬದಿಗಿಟ್ಟು ಅಚ್ಚಿನ ಒಳಮೈಯ ಮೇಲೆ ಬೆರಳಾಡಿಸುತ್ತಿದ್ದಳು ಎಂದು ಶಿಲ್ಪದ ಮೇಷ್ಟ್ರು ಹೇಳಿದರು.

ತೊಡಕಾದದ್ದು ಅನ್ವಯಿಕ ಕಲೆಯಲ್ಲಿ. ಅಲ್ಲಿ ಅವಳಿಗೆ ನಿಜವಾದ ಕೆಲಸವನ್ನೇ ಕೊಟ್ಟರು: ಜೋಳದ ರೊಟ್ಟಿ ಮಾಡಿ ಮಾರುವ ಒಂದು ಸ್ವಸಹಾಯ ಸಂಘದ ಪೊಟ್ಟಣಕ್ಕೆ ಚೀಟಿ. ಒಂದೇ ದಿನದಲ್ಲಿ ಮುಗಿಸಿದಳು. "ಖಡಕ್ ರೊಟ್ಟಿ" ಎಂಬ ಅಕ್ಷರಗಳನ್ನು ಅವಳು ಬರೆದ ರೀತಿ ಎಲ್ಲರಿಗೂ ಹಿಡಿಸಿತು. ಸಂಘದವರು ಅದನ್ನೇ ಬಳಸಿದರು. ಅನ್ವಯಿಕ ಕಲೆಯ ಅಧ್ಯಾಪಕಿ ನನ್ನ ಕೋಣೆಗೆ ಬಂದು, "ಈ ಹುಡುಗಿಯನ್ನು ನನಗೆ ಬಿಡಿ" ಎಂದರು. ಅವರು ಕೇಳಿದ್ದು ನ್ಯಾಯವೇ. ಅಕ್ಷರ ವಿನ್ಯಾಸ, ಪೊಟ್ಟಣ, ಪುಸ್ತಕದ ಮುಖಪುಟ, ಪರದೆಯ ವಿನ್ಯಾಸ ಇವೆಲ್ಲವೂ ಪೂರ್ಣ ಪ್ರಮಾಣದ ಕಲೆ. ಅದನ್ನು ಹೊಟ್ಟೆಪಾಡಿನ ವಿಭಾಗವೆಂದು ಕಡೆಗಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಇವಳು ಅಲ್ಲಿ ಚೆನ್ನಾಗಿ ಬೆಳೆಯುತ್ತಿದ್ದಳು, ಬೇಗ ಸಂಪಾದನೆಗೂ ಹತ್ತುತ್ತಿದ್ದಳು.

ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಕೆಲಸ ಇಷ್ಟವಾಯಿತು ಮೇಡಂ. ಆದರೆ ಕಂಪ್ಯೂಟರಿನಲ್ಲಿ ತಪ್ಪನ್ನು ಅಳಿಸಿದರೆ ಅದು ಇದ್ದದ್ದೇ ಸುಳ್ಳಾಗುತ್ತದೆ. ನನಗೆ ತಪ್ಪು ಎಲ್ಲಿತ್ತು ಎಂದು ಕಾಣಿಸುತ್ತಿರಬೇಕು."

ಗ್ರಾಫಿಕ್ಸಿನ ಮೂರು ದಿನ ಅವಳು ಲಿಥೋ ಕಲ್ಲು, ಅಂದರೆ ಮೇಲೆ ಚಿತ್ರ ಬಿಡಿಸಿ ಮುದ್ರಿಸುವ ಕಲ್ಲು, ಉಜ್ಜಿದಳು. ಹಳೆಯ ಚಿತ್ರ ಹೋಗುವವರೆಗೆ ಎರಡು ಕಲ್ಲುಗಳ ನಡುವೆ ಕಾರ್ಬೊರಂಡಮ್ ಪುಡಿಯನ್ನೂ ನೀರನ್ನೂ ಹಾಕಿ ಸುತ್ತಿಸಿ ಸುತ್ತಿಸಿ ತಿಕ್ಕಬೇಕು, ಭುಜ ಬಿದ್ದುಹೋಗುತ್ತದೆ. ನಾಲ್ಕನೆಯ ದಿನ ಬರಬೇಕಾಗಿರಲಿಲ್ಲ. ಬಂದಿದ್ದಳು. ಐದನೆಯ ದಿನವೂ ಬಂದಿದ್ದಳು.

ತಪ್ಪು ತಿಳಿವಳಿಕೆಯ ಮೇಲೆ ಬಿದ್ದ ಸಹಿ

ಅವಳು ಗ್ರಾಫಿಕ್ಸ್ ಚೌಕಕ್ಕೆ ಗುರುತು ಹಾಕಿ, ತಂದೆಯ ಸಹಿಯನ್ನೂ ಮಾಡಿಸಿಕೊಂಡು ಬಂದಳು. ಇಷ್ಟು ಬೇಗ ಒಪ್ಪಿದರೇ ಎಂದು ನನಗೆ ಆಶ್ಚರ್ಯವಾಯಿತು. "ಅಪ್ಪನಿಗೆ ಬಹಳ ಸಂತೋಷವಾಗಿದೆ ಮೇಡಂ" ಎಂದಳು, ಮುಖ ಮಾತ್ರ ಕೆಳಗಿತ್ತು. ಕೇಳುತ್ತಾ ಹೋದಾಗ ವಿಷಯ ಹೊರಬಂತು. ಗ್ರಾಫಿಕ್ಸ್ ಎಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಎಂದು ತಂದೆ ತಿಳಿದಿದ್ದರು. ಅವಳು ಸುಳ್ಳು ಹೇಳಿರಲಿಲ್ಲ, ತಿದ್ದಿಯೂ ಇರಲಿಲ್ಲ.

ಈ ಗೊಂದಲ ಒಂದು ಮನೆಯದಲ್ಲ. ತಗಡು, ಮರ, ಕಲ್ಲು, ರೇಷ್ಮೆ ಪರದೆಗಳಿಂದ ಕೈಯಾರೆ ಮುದ್ರಿಸುವ ಕಲೆಯನ್ನು ನಮ್ಮ ದೇಶದ ಹಲವು ಕಲಾಶಾಲೆಗಳು ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚಿನಿಂದಲೂ ಗ್ರಾಫಿಕ್ಸ್ ಎಂದೇ ಕರೆಯುತ್ತಾ ಬಂದಿವೆ. ಕಾಲ ಬದಲಾಗಿ ಆ ಶಬ್ದದ ಅರ್ಥ ಜನರ ಬಾಯಲ್ಲಿ ಬೇರೆಯಾಯಿತು, ನಮ್ಮ ಅರ್ಜಿಗಳು ಬದಲಾಗಲಿಲ್ಲ. ಪ್ರತಿ ವರ್ಷ ಎಷ್ಟೋ ತಂದೆತಾಯಿಗಳು ಅರ್ಥವಾಗದ ಶಬ್ದದ ಕೆಳಗೆ ಸಹಿ ಹಾಕಿದ್ದಾರೆ ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ. ಸಹಿ ಇದೆಯಲ್ಲ, ನಡೆಯಲಿ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಮೂರು ವರ್ಷದ ಸಾಮಗ್ರಿಗೆ ದುಡ್ಡು ಕೊಡುವವರು ಅವರು. ಬೈಂಡಿಂಗ್ ಕೆಲಸದಿಂದ ಬಂದ ದುಡ್ಡು.

"ನೀನೇ ಹೇಳುತ್ತೀಯೋ, ನಾನು ಹೇಳಲೋ?" ಎಂದು ಕೇಳಿದೆ. "ಇಲ್ಲಿಗೆ ಕರೆಸಿ ಮೇಡಂ, ನೋಡಿದರೆ ತಿಳಿಯುತ್ತದೆ" ಎಂದಳು.

ಅಪ್ಪ ಬಂದ ದಿನ

ಅವರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಬಂದರು. ನಾನು ಕಚೇರಿಯಲ್ಲಿ ಕೂರಿಸದೆ ನೇರವಾಗಿ ಗ್ರಾಫಿಕ್ಸ್ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತರು. ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ ಬಡಿದಿರಬೇಕು.

"ಇದು ಪ್ರೆಸ್ಸು" ಎಂದರು.

ಎಚಿಂಗ್ ಯಂತ್ರದ ಹತ್ತಿರ ಹೋಗಿ ಅದರ ಹಾಸಿನ ಮೇಲೆ ಕೈಯಿಟ್ಟು, ಒತ್ತಡವನ್ನು ಹೇಗೆ ಹೊಂದಿಸುತ್ತೀರಿ ಎಂದು ಕೇಳಿದರು. ತೋರಿಸಿದೆವು. ಮೇಜಿನ ಮೇಲಿದ್ದ ಸತುವಿನ ತಗಡನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಬ್ಲಾಕು. ಚಿತ್ರ ಹಾಕಬೇಕಾದಾಗ ನಾವು ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡು ಬರುತ್ತಿದ್ದೆವು" ಎಂದರು. ಅದು ಪೂರ್ತಿ ಬ್ಲಾಕ್ ಅಲ್ಲ ಎಂದು ವಿವರಿಸಿದೆ. ಅಚ್ಚುಕೂಟದ ಬ್ಲಾಕಿನಲ್ಲಿ ಗೆರೆ ಎತ್ತರದಲ್ಲಿ ಉಳಿಯುತ್ತದೆ, ಉಳಿದ ಜಾಗವನ್ನು ಆಮ್ಲ ತಿನ್ನುತ್ತದೆ. ಎಚಿಂಗ್‌ನಲ್ಲಿ ಇದಕ್ಕೆ ತಿರುಗುಮುರುಗು. ಮೇಣದ ಲೇಪವನ್ನು ಸೂಜಿಯಿಂದ ಗೀರಿದ ಕಡೆ ಆಮ್ಲ ಇಳಿದು ತಗ್ಗು ಮಾಡುತ್ತದೆ. ಮಸಿ ಬಳಿದು ಮೇಲ್ಮೈಯನ್ನು ಒರೆಸಿದರೆ ಆ ತಗ್ಗಿನಲ್ಲಿ ಮಾತ್ರ ಮಸಿ ನಿಲ್ಲುತ್ತದೆ. ಒದ್ದೆ ಕಾಗದ ಹಾಸಿ, ಮೇಲೆ ಉಣ್ಣೆಯ ಹೊದಿಕೆ ಹಾಕಿ ಉರುಳೆಯ ಕೆಳಗೆ ತಳ್ಳಿದರೆ ಕಾಗದ ತಗ್ಗಿಗಿಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದು ತಲೆಗೆ ಹತ್ತಲು ಒಂದು ತಿಂಗಳು ಬೇಕು.

ಆಮೇಲೆ ಅವರು ತಗಡನ್ನು ಕೆಳಗಿಟ್ಟರು.

"ಮೇಡಂ, ನನ್ನ ಕೆಲಸ ಹೋದಾಗ ನನಗೆ ಇಪ್ಪತ್ತೆಂಟು ವರ್ಷ. ಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿದವನು ನಾನೇ. ಸೀಸದ ತೂಕಕ್ಕೆ ಹೋದವು. ಮಗಳು ಕಂಪ್ಯೂಟರ್ ಕಲಿಯುತ್ತಾಳೆ ಎಂದು ಸಹಿ ಹಾಕಿದೆ. ಇವಳನ್ನು ಮತ್ತೆ ಅದೇ ಯಂತ್ರದ ಮುಂದೆ ನಿಲ್ಲಿಸುವುದಾದರೆ ನಾನು ಊರು ಬಿಟ್ಟು ಇಷ್ಟು ದೂರ ಯಾಕೆ ಕಳಿಸಬೇಕಿತ್ತು, ಹೇಳಿರಿ."

ನನ್ನ ಬಳಿ ಸಿದ್ಧ ಉತ್ತರಗಳಿದ್ದವು. ಕೃಷ್ಣಾ ರೆಡ್ಡಿಯವರ ಹೆಸರು ಹೇಳಿದೆ. ಆಂಧ್ರದ ಹಳ್ಳಿಯಿಂದ ಶಾಂತಿನಿಕೇತನಕ್ಕೆ, ಮುಂದೆ ಪ್ಯಾರಿಸ್ಸಿಗೆ ಹೋದವರು; ಶಿಲ್ಪವನ್ನೂ ಕಲಿತು, ತಗಡನ್ನೇ ಶಿಲ್ಪದಂತೆ ಆಳವಾಗಿ ಕೊರೆದು, ಎಣ್ಣೆಯ ಪ್ರಮಾಣ ಬೇರೆ ಬೇರೆಯಿರುವ ಶಾಯಿಗಳನ್ನು ಮೆದು ಮತ್ತು ಗಟ್ಟಿ ಉರುಳೆಗಳಿಂದ ಹಚ್ಚಿ, ಒಂದೇ ತಗಡಿನಿಂದ ಒಂದೇ ಒತ್ತಿಗೆ ಹಲವು ಬಣ್ಣ ಬರುವ ವಿಧಾನವನ್ನು ಬೆಳೆಸಿದವರು. ವಿಭಾಗವೆಂಬುದು ಜೀವಮಾನದ ಬೇಲಿಯಲ್ಲ ಎನ್ನಲು ನಮ್ಮ ಕನ್ನಡದ ನೆಲದ ಹೆಸರುಗಳನ್ನೂ ಹೇಳಿದೆ: ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕಲಿತದ್ದು ಚಿತ್ರಕಲೆ, ಹೆಸರಾದದ್ದು ಸಗಣಿ, ದಾರ, ಸೂಜಿ, ಕೂದಲಿನ ಹಗ್ಗಗಳಿಂದ ಕಟ್ಟಿದ ಕೃತಿಗಳಿಂದ, ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡಾದಲ್ಲಿ ಓದಿದ್ದು ಶಿಲ್ಪ, ಜನ ಗುರುತಿಸುವುದು ತಾವೇ ಪಾತ್ರವಾಗಿ ನಿಂತು ತೆಗೆಸಿದ ಛಾಯಾಚಿತ್ರಗಳಿಂದ.

ಅವರು ಗೌರವದಿಂದ ಕೇಳಿಸಿಕೊಂಡು, "ಅವರೆಲ್ಲ ದೊಡ್ಡವರು ಮೇಡಂ" ಎಂದರು.

ಅವರ ಮಾತೇ ಸರಿಯಾಗಿತ್ತು. ಈ ಹೆಸರುಗಳನ್ನು ನಾವು ತೀರ ಸುಲಭವಾಗಿ ಬಳಸುತ್ತೇವೆ. ದಾರಿ ಬದಲಿಸಿ ಹೆಸರಾದವರು ಲೆಕ್ಕಕ್ಕೆ ಸಿಗುತ್ತಾರೆ, ದಾರಿ ಸಿಗದೆ ಊರಿಗೆ ಮರಳಿದವರ ಪಟ್ಟಿಯನ್ನು ಯಾವ ವಿಭಾಗವೂ ಇಟ್ಟಿಲ್ಲ. ಹೀಗಾಗಿ ನೇರವಾಗಿ ಹೇಳಿದೆ. "ಮುದ್ರಣ ಕಲಾವಿದರು ಬೇಕಾಗಿದ್ದಾರೆ" ಎಂಬ ಜಾಹೀರಾತನ್ನು ನಾನು ನೋಡಿಲ್ಲ. ತಿಂಗಳಿಗೆ ಇಷ್ಟು ಬರುತ್ತದೆ ಎಂದು ನಾನು ಹೇಳಲಾರೆ. ಬಾಗಿಲು ಮುಚ್ಚುವುದಿಲ್ಲ ಎನ್ನುವಷ್ಟನ್ನು ಹೇಳಬಲ್ಲೆ. 1919ರಲ್ಲಿ ಆರಂಭವಾದ ಶಾಂತಿನಿಕೇತನದ ಕಲಾಭವನ, 1950ರಿಂದ ನಡೆಯುತ್ತಿರುವ ಬರೋಡಾದ ಲಲಿತಕಲಾ ನಿಕಾಯ, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯ, ಇಲ್ಲೆಲ್ಲ ಮುದ್ರಣಕಲೆಯಲ್ಲೇ ಸ್ನಾತಕೋತ್ತರ ಪದವಿ ಮಾಡಬಹುದು. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ-ನೆಟ್ ಪರೀಕ್ಷೆಗೆ ದೃಶ್ಯಕಲೆ ಒಂದೇ ವಿಷಯ. ಚಿತ್ರಕಲೆ ಓದಿದವರೂ ಗ್ರಾಫಿಕ್ಸ್ ಓದಿದವರೂ ಅದನ್ನೇ ಬರೆಯುತ್ತಾರೆ. ಭೋಪಾಲದ ಭಾರತ ಭವನ 1989ರಲ್ಲಿ ಮುದ್ರಣಕಲೆಗೆಂದೇ ಅಂತರರಾಷ್ಟ್ರೀಯ ಪ್ರದರ್ಶನವನ್ನು ಆರಂಭಿಸಿತು. ಒಂದು ಚಿತ್ರಕ್ಕೆ ಹತ್ತು ಪ್ರತಿ ತೆಗೆದು, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಸಹಿ ಮಾಡಿದರೆ ಹತ್ತೂ ಮೂಲಕೃತಿಗಳೇ. ಎಣ್ಣೆಬಣ್ಣದ ಒಂದು ಚಿತ್ರಕ್ಕಿಂತ ಒಂದೊಂದರ ಬೆಲೆ ಕಡಿಮೆಯಿರುವುದರಿಂದ ಸಾಧಾರಣ ಸಂಬಳದವರೂ ಕೊಳ್ಳಬಹುದು.

ಕೊನೆಯ ಮಾತಿಗೆ ಅವರು ತಲೆಯಾಡಿಸಿದರು. ಅಂಗಡಿ ಬಲ್ಲವರಿಗೆ ಅದು ಅರ್ಥವಾಗುವ ಲೆಕ್ಕ. ಒಪ್ಪಿಗೆಯೇನೂ ಮುಖದಲ್ಲಿ ಕಾಣಲಿಲ್ಲ.

ಅಷ್ಟು ಹೊತ್ತು ಮಾತಾಡದೆ ನಿಂತಿದ್ದ ಮಗಳು ಆ ಹನ್ನೊಂದು ಹಾಳೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಹಾಕಿದಳು. ಅವರು ಒಂದೊಂದನ್ನೇ ಎತ್ತಿ ನೋಡಿದರು. ತಮ್ಮದೇ ಅಂಗಡಿಯ ಕಿಟಕಿ ಎಂದು ಗೊತ್ತಾಗಿರಲೇಬೇಕು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿಂಬದಿ ತಿರುಗಿಸಿ ಟಿಪ್ಪಣಿ ಓದಿದರು. "ಎಡ ಮೂಲೆ ಒತ್ತಿಲ್ಲ" ಎಂಬಲ್ಲಿ ನಿಂತರು.

"ಅವ್ವಾ, ಒತ್ತದಿದ್ದರೆ ಕೆಳಗೆ ಕಾಗದ ಕೊಡಬೇಕು. ಆ ಮೂಲೆಗಷ್ಟೇ, ತೆಳುವಾದದ್ದು, ಅಂಟಿಸಿ. ಇಡೀ ಯಂತ್ರ ಬಿಗಿ ಮಾಡಿದರೆ ಉಳಿದದ್ದು ಜಜ್ಜಿಹೋಗುತ್ತದೆ."

"ಎಷ್ಟು ತೆಳು, ಅಪ್ಪಾ?"

"ಮೊದಲು ಟಿಶ್ಯೂ ಕಾಗದ. ಸಾಲದಿದ್ದರೆ ಇನ್ನೊಂದು."

ನಾನು ಹೊರಗೆ ಬಂದೆ. ಅರ್ಧ ಗಂಟೆ ಬಿಟ್ಟು ಹೋದಾಗ ಇಬ್ಬರೂ ಲಿನೋವನ್ನು ಮತ್ತೆ ಒತ್ತುತ್ತಿದ್ದರು.

ಆ ದಿನ ಅವರು ಒಪ್ಪಲಿಲ್ಲ. ಹಳೆಯ ಅರ್ಜಿಯನ್ನು ನಾನೇ ವಾಪಸು ಕೊಟ್ಟು, ಹೊಸ ಹಾಳೆಯೊಂದನ್ನು ಕೈಗಿತ್ತೆ. ಮೂರು ದಿನದ ಮೇಲೆ ಗದಗದಿಂದ ಫೋನು ಬಂತು. ಎರಡು ಷರತ್ತು: ಉಪವಿಷಯವಾಗಿ ಅನ್ವಯಿಕ ಕಲೆ ತೆಗೆದುಕೊಂಡು ಕಂಪ್ಯೂಟರ್ ಕಲಿಯಲೇಬೇಕು; ಪದವಿ ಮುಗಿದ ಮೇಲೆ ಯಾವ ದಾರಿಯೂ ಕಾಣದಿದ್ದರೆ ಶಾಲೆಯ ಕೆಲಸಕ್ಕೆ ಪ್ರಯತ್ನಿಸಬೇಕು. ಮಗಳು ಎರಡಕ್ಕೂ ಒಪ್ಪಿದಳು. ಹೊಸ ಅರ್ಜಿಯಲ್ಲಿ ಗ್ರಾಫಿಕ್ಸ್ ಚೌಕದ ಪಕ್ಕದಲ್ಲಿ ಅವರೇ ಪೆನ್ನಿನಿಂದ "ಮುದ್ರಣ" ಎಂದು ಬರೆದು, ಕೆಳಗೆ ಸಹಿ ಮಾಡಿದ್ದರು.

ಆಮ್ಲದ ಕೋಣೆ

ಎರಡನೆಯ ತಪ್ಪು ಇಲ್ಲಿದೆ, ಮೊದಲನೆಯದಕ್ಕಿಂತ ದೊಡ್ಡದು. ಹುಡುಗಿ ವಿಭಾಗಕ್ಕೆ ಹೊಂದುತ್ತಾಳೆಯೇ ಎಂದು ಹದಿನೈದು ದಿನ ನೋಡಿದೆ. ವಿಭಾಗ ಹುಡುಗಿಗೆ ಹೊಂದುತ್ತದೆಯೇ ಎಂದು ಒಂದು ದಿನವೂ ನೋಡಲಿಲ್ಲ.

ನಮ್ಮ ಗ್ರಾಫಿಕ್ಸ್ ವಿಭಾಗದ ಕಾಯಂ ಅಧ್ಯಾಪಕರು ನಿವೃತ್ತರಾಗಿ, ಆ ಹುದ್ದೆ ಖಾಲಿಯಿತ್ತು. ತರಗತಿಗಳನ್ನು ನಡೆಸುತ್ತಿದ್ದದ್ದು ಒಬ್ಬ ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಮುಗಿದಾಗ ಅವರ ಅವಧಿಯೂ ಮುಗಿಯುತ್ತದೆ, ಮತ್ತೆ ಆದೇಶ ಬರುವವರೆಗೆ ಬೀಗ. ಅವಳು ಅಷ್ಟು ದಿನ ಉಜ್ಜಿದ ಲಿಥೋ ಕಲ್ಲಿನ ಮೇಲೆ ಒಂದು ಚಿತ್ರವನ್ನೂ ಮುದ್ರಿಸಲಾಗಲಿಲ್ಲ, ಲಿಥೋ ಯಂತ್ರ ಕೆಟ್ಟು ನಿಂತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಆಮ್ಲದ ಕೋಣೆ. ಹೊಗೆ ಹೊರಹಾಕುವ ಫ್ಯಾನು ತಿರುಗುತ್ತಿರಲಿಲ್ಲ. ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಇಳಿಸಿದಾಗ ಏಳುವ ಕಂದು ಹೊಗೆ ಎದೆಗೆ ಒಳ್ಳೆಯದಲ್ಲ. ಎರಡನೆಯ ವರ್ಷದ ಮಧ್ಯದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಕೆಮ್ಮುತ್ತಾಳೆ ಎಂದು ಗೆಳತಿಯೊಬ್ಬಳು ಬಂದು ಹೇಳಿದಳು. ನಾನು ಆ ಕೋಣೆಗೆ ಹೋಗಿ ನಿಂತದ್ದು ಆಗ, ಮೊದಲ ಸಲ. ಐದು ನಿಮಿಷವೂ ನಿಲ್ಲಲಾಗಲಿಲ್ಲ. ಆ ತಂದೆಗೆ ಬರೋಡಾ, ಶಾಂತಿನಿಕೇತನ ಎಂದು ಹೇಳಿದ ನಾನು ನಮ್ಮದೇ ಕಟ್ಟಡದ ಈ ಬಾಗಿಲನ್ನು ತೆರೆದು ತೋರಿಸಿರಲಿಲ್ಲ.

ಕೋಣೆಯನ್ನು ಮುಚ್ಚಿಸಿದೆವು. ಒಂದು ಸೆಮಿಸ್ಟರ್ ಪೂರ್ತಿ ಅವಳು ಪ್ಲೈವುಡ್ ಕೆತ್ತಿ, ಚಮಚದ ಬೆನ್ನಿನಿಂದ ಕಾಗದ ಉಜ್ಜಿ ಮುದ್ರಣ ತೆಗೆದಳು. ಸತುವಿನ ತಗಡಿಗೆ ದುಡ್ಡು ಸುರಿಯುವುದೂ ತಪ್ಪಿತು, ಕೆಮ್ಮೂ ನಿಂತಿತು. ಅತಿಥಿ ಉಪನ್ಯಾಸಕರು ಅಷ್ಟರಲ್ಲಿ ಒಂದು ದಾರಿ ಹುಡುಕಿದ್ದರು: ಮೈಲುತುತ್ತ ಮತ್ತು ಅಡುಗೆ ಉಪ್ಪು. ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಎರಡನ್ನೂ ನೀರಿನಲ್ಲಿ ಕರಗಿಸಿದರೆ ಸತುವನ್ನು ಚೆನ್ನಾಗಿ ತಿನ್ನುತ್ತದೆ. ತಗಡಿನ ಮೇಲೆ ಕೆಂಪನೆಯ ತಾಮ್ರದ ಗಸಿ ಕೂರುತ್ತದೆ, ಅದನ್ನು ಆಗಾಗ ಗರಿಯಿಂದ ಸವರಿ ತೆಗೆಯಬೇಕು. ನೈಟ್ರಿಕ್ ಆಮ್ಲದ ಆ ಕಂದು ಹೊಗೆ ಇಲ್ಲ. ಕೈಗವಸು ಬೇಕೇ ಬೇಕು, ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲುವಂತಿಲ್ಲ. ಕೆಲವೇ ತಿಂಗಳ ಆದೇಶದ ಮೇಲೆ ದುಡಿಯುವ ಒಬ್ಬರು ಇದನ್ನು ತಮ್ಮ ಕೈಯ ದುಡ್ಡಿನಿಂದ ತಂದು ಪ್ರಯೋಗಿಸಿ ತೋರಿಸಿದರು. ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಋಣಿಯಾಗಿರುವುದು ಅವರಿಗೆ.

ತಂದೆಯ ಷರತ್ತು ಫಲ ಕೊಟ್ಟದ್ದು ಯಾರೂ ಎಣಿಸದ ರೀತಿಯಲ್ಲಿ. ಅನ್ವಯಿಕ ಕಲೆಯ ತರಗತಿಯಲ್ಲಿ ಕಲಿತ ಕನ್ನಡ ಅಕ್ಷರ ವಿನ್ಯಾಸವನ್ನು ಅವಳು ತಗಡಿನ ಮೇಲೆ ತಂದಳು. ಮುದ್ರಣದಲ್ಲಿ ಸರಿಯಾಗಿ ಬರಬೇಕಾದರೆ ತಗಡಿನಲ್ಲಿ ಉಲ್ಟಾ ಬರೆಯಬೇಕು. ಮೂರನೆಯ ವರ್ಷದ ಪ್ರದರ್ಶನದಲ್ಲಿ ಹಳೆಯ ಲಗ್ನಪತ್ರಿಕೆಗಳ ಸಾಲುಗಳಿಂದ ಮಾಡಿದ ಆರು ಎಚಿಂಗ್‌ಗಳನ್ನೂ ಅವುಗಳ ಪಕ್ಕದಲ್ಲೇ ತಗಡುಗಳನ್ನೂ ತೂಗುಹಾಕಿದ್ದಳು. ನೋಡಲು ಬಂದವರೆಲ್ಲ ಕಾಗದದ ಮುಂದೆ ನಿಂತರು. ತಂದೆ ಮಾತ್ರ ತಗಡಿನ ಮುಂದೆ ನಿಂತು, ಬಲದಿಂದ ಎಡಕ್ಕೆ, ಎಲ್ಲೂ ತಡವರಿಸದೆ ಓದಿದರು. ನಾಲ್ಕನೆಯದರಲ್ಲಿ "ವಿಜ್ಞಾಪನೆ" ಎಂಬಲ್ಲಿ ಒತ್ತು ತಪ್ಪಿದೆ ಎಂದು ಹಿಡಿದರು. ನಾವು ಮೂವರು ಅಧ್ಯಾಪಕರು ಕಾಗದದ ಮೇಲೆ ನೇರವಾಗಿ ಓದಿಯೂ ಅದನ್ನು ಕಂಡಿರಲಿಲ್ಲ. ಅವಳು ಆಮೇಲೆ ಆ ಅಕ್ಷರವನ್ನು ಕೆರೆದು ತಿದ್ದಿದಳು. ಹಳೆಯ ಒತ್ತಿನ ಮಸುಕು ಗುರುತು ಈಗಿನ ಪ್ರತಿಗಳಲ್ಲೂ ಕಾಣುತ್ತದೆ.

ಈಗಿನ ಸ್ಥಿತಿ

ಅವಳೀಗ ಕೊನೆಯ ವರ್ಷದಲ್ಲಿದ್ದಾಳೆ. ಮುದ್ರಣಕಲೆಯ ಸ್ನಾತಕೋತ್ತರ ಪದವಿಗೆ ಎರಡು ಕಡೆ ಅರ್ಜಿ ಹಾಕಲು ಸಿದ್ಧತೆ ಮಾಡಿಕೊಂಡಿದ್ದಾಳೆ. ರಜೆಯಲ್ಲಿ ಪುಸ್ತಕದ ಮುಖಪುಟಗಳಿಗೆ ಅಕ್ಷರ ಬರೆದು ತನ್ನ ಸಾಮಗ್ರಿಯ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿದ್ದಾಳೆ. ತಂದೆ ಪ್ರತಿ ಸಲ ಫೋನು ಮಾಡಿದಾಗಲೂ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳುತ್ತಾರಂತೆ. ನನ್ನ ಹತ್ತಿರ ಆ ಪ್ರಶ್ನೆಗೆ ಈಗಲೂ ಉತ್ತರವಿಲ್ಲ.

ನಮ್ಮ ಅರ್ಜಿಯಲ್ಲಿ ಈ ವರ್ಷದಿಂದ ಮೂರನೆಯ ಚೌಕದ ಮುಂದೆ "ಮುದ್ರಣಕಲೆ: ತಗಡು, ಮರ, ಕಲ್ಲಿನ ಮೇಲೆ ಕೈಯಿಂದ" ಎಂದಿದೆ. ಸಹಿಗೆ ಮುಂಚೆ ತಂದೆತಾಯಿಗಳಿಗೆ ಐದೂ ಕೋಣೆಗಳನ್ನು, ಆಮ್ಲದ ಕೋಣೆಯನ್ನೂ ಸೇರಿಸಿ, ತೋರಿಸುವ ಒಂದು ದಿನವನ್ನು ನಿಗದಿ ಮಾಡಿದ್ದೇವೆ. ಹೊಸ ಫ್ಯಾನು ಬಂದಿದೆ. ಕಾಯಂ ಅಧ್ಯಾಪಕರ ಹುದ್ದೆ ಖಾಲಿಯಾಗಿಯೇ ಇದೆ. ಬಂದ ಪೋಷಕರಿಗೆ ಅದನ್ನೂ ಹೇಳುತ್ತೇನೆ.